ಹಂಪಕ್ಕ ವಿಮಾನದ ರೆಕ್ಕೆ ಹೊಲಿದದ್ದು

ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಹಂಪಕ್ಕ ಕೂರುತ್ತಿದ್ದ ಕಬ್ಬಿಣದ ಕುರ್ಚಿಗೆ ಮೂರು ಕಾಲು ಸಮ, ಒಂದು ಗಿಡ್ಡ. ಗಿಡ್ಡ ಕಾಲಿನ ಅಡಿಗೆ ಅವಳು ಜೀನ್ಸ್ ಬಟ್ಟೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಇಡುತ್ತಿದ್ದಳು. ಸಂಜೆ ಮನೆಗೆ ಹೊರಟಾಗ ಆ ತುಂಡನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಳು, ಬೆಳಿಗ್ಗೆ ಬಂದು ಮತ್ತೆ ಇಡುವಳು. ಅವಳಿಲ್ಲದಾಗ ಆ ಕುರ್ಚಿಯ ಮೇಲೆ ಯಾರು ಕೂತರೂ ಮಗ್ಗುಲಿಗೆ ವಾಲಿ, ಬೈದುಕೊಂಡು, ಎದ್ದು ಹೋಗುವರು. ಏಳು ವರ್ಷ ಆ ಕುರ್ಚಿ ಅವಳದಾಗಿಯೇ ಉಳಿದದ್ದು ಹೀಗೆ.

ಒಂದು ಕುರ್ಚಿಗೆ ಇಷ್ಟು ಜೋಪಾನ ಯಾಕೆ ಎಂದರೆ, ಐವತ್ತು ವರ್ಷ ತುಂಬುವವರೆಗೆ ಅವಳು ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದವಳಲ್ಲ. ಹುಡುಗಿಯಾಗಿದ್ದಾಗ ಕಣೇಕಲ್ಲಿನ ಮಂಡಿಯಲ್ಲಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ದಬ್ಬಣದಿಂದ ಶೇಂಗಾ ಚೀಲದ ಬಾಯಿ ಹೊಲಿದಳು. ಆ ಹೊಲಿಗೆಗೆ ಒಂದು ಕ್ರಮವಿದೆ. ಎಲ್ಲಾ ಜಾರುಗಂಟು ಹಾಕಬೇಕು, ಕೊನೆಯಲ್ಲಿ ಎರಡು ಬೆರಳಿನಷ್ಟು ದಾರ ಹೊರಗೆ ಬಿಡಬೇಕು. ಅದಕ್ಕೆ ಬಾಲ ಎನ್ನುತ್ತಾರೆ. ಚೀಲ ಬಿಚ್ಚುವ ಹಮಾಲಿ ಆ ಬಾಲ ಹಿಡಿದು ಒಂದು ಸಲ ಎಳೆದರೆ ಬಾಯಿ ಸರ್ರನೆ ಬಿಚ್ಚಿಕೊಳ್ಳಬೇಕು. ಗಟ್ಟಿ ಗಂಟು ಹಾಕಿದವಳಿಗೆ ಸಾಹುಕಾರನಿಂದ ಬೈಗಳು. ಆಮೇಲೆ ಗಂಡ ಬೊಮ್ಮಣ್ಣನ ಜೊತೆ ಗುಳೆ ಹೋಗಿ ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಮರಳು ಹೊತ್ತಳು. ಯಾರ್ಯಾರದೋ ಮನೆಗೆ ಮೂರನೇ ಅಂತಸ್ತು ಏರಿಸಿ, ಆ ಮನೆಯ ಬಾಗಿಲು ಕೂರಿಸುವ ಹೊತ್ತಿಗೆ ಇನ್ನೊಂದು ಮನೆಯ ಪಾಯಕ್ಕೆ ಹೋಗುವುದು. ರಾಯದುರ್ಗದಲ್ಲಿ ಓಣಿಗೊಂದು ಜೀನ್ಸ್ ಯೂನಿಟ್ಟು ಎದ್ದ ಮೇಲೆ ಗುಳೆ ಹೋದವರು ಬಸ್ಸುಗಟ್ಟಲೆ ವಾಪಸು ಬಂದರು. ಹಂಪಕ್ಕನೂ ಬಂದಳು. ಪ್ಯಾಂಟಿನ ಹಿಂದಿನ ಜೇಬು ಹೊಲಿಯುವ ಕೆಲಸ, ಕೂರಲು ಕುರ್ಚಿ, ತಲೆಯ ಮೇಲೆ ಫ್ಯಾನು. ಮೊದಲ ದಿನ ಆ ಗಾಳಿಗೆ ಅವಳಿಗೆ ನಿದ್ದೆಯೇ ಬಂದುಬಿಟ್ಟಿತ್ತು.

ಈಗ ಅವಳಿಗೆ ಐವತ್ತೇಳು. ಎರಡು ವರ್ಷದಿಂದ ಒಂದು ತೊಂದರೆ. ದೂರದ್ದು ಚೆನ್ನಾಗಿ ಕಾಣುತ್ತಿತ್ತು. ಯೂನಿಟ್ಟಿನ ಬಾಗಿಲಲ್ಲಿ ನಿಂತು ಗುಡ್ಡದ ಮೇಲಿನ ಕೋಟೆಗೋಡೆಯ ಹತ್ತಿರ ಎಷ್ಟು ಮೇಕೆ ಮೇಯುತ್ತಿವೆ ಎಂದು ಎಣಿಸಿ ಹೇಳುವಳು. ಹತ್ತಿರದ ಸೂಜಿಯ ಕಣ್ಣು ಮಾತ್ರ ಮಾಯವಾಗಿತ್ತು. ಹೊಲಿಯುವುದಕ್ಕೆ ಅಡ್ಡಿಯಿಲ್ಲ, ಬೆರಳಿಗೆ ಎಲ್ಲಾ ಗೊತ್ತಾಗುತ್ತಿತ್ತು. ದಾರ ಪೋಣಿಸುವುದಕ್ಕೆ ಮಾತ್ರ ಆಗದು. ಪಕ್ಕದ ಮೆಷಿನ್ನಿನಲ್ಲಿ ಸೊಸೆ ದುರ್ಗಾ ಕೂರುತ್ತಿದ್ದಳು. ಅತ್ತೆ ಒಂದು ಸಲ ಕೆಮ್ಮಿದರೆ ದುರ್ಗಾ ಕೈ ಚಾಚಿ, ಮುಖ ಈ ಕಡೆ ತಿರುಗಿಸದೆ, ದಾರ ಪೋಣಿಸಿ ಕೈ ಹಿಂದಕ್ಕೆ ತೆಗೆದುಕೊಳ್ಳುವಳು. ಯೂನಿಟ್ಟಿನಲ್ಲಿ ಎಲ್ಲರೂ ಹಂಪಕ್ಕನಿಗೆ ಹಳೇ ಕೆಮ್ಮು ಎಂದುಕೊಂಡಿದ್ದರು.

ಆ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ಸೂಪರ್‌ವೈಸರ್ ಬಾಲರಾಜು ಎಲ್ಲರನ್ನೂ ನಿಲ್ಲಿಸಿ ಹೇಳಿದ: "ಬರೋ ಒಂದನೇ ತಾರೀಖು ಒಂದು ಪರೀಕ್ಷೆ ಐತಿ. ಒಬ್ಬೊಬ್ಬರೇ ಬಂದು ನನ್ನ ಮುಂದ ಸೂಜಿಗೆ ದಾರ ಪೋಣಿಸಬೇಕು. ಆಗಲಿಲ್ಲ ಅಂದ್ರ ಮೆಷಿನ್ ಬಿಟ್ಟು ದಾರ ಕತ್ತರಿಸೋ ಕಡೆ ಹೋಗ್ರಿ."

ದಾರ ಕತ್ತರಿಸುವವರು ನೆಲದ ಮೇಲೆ, ಬಚ್ಚಲ ಗೋಡೆಯ ಪಕ್ಕ ಚಾಪೆ ಹಾಸಿ ಕೂರುತ್ತಿದ್ದರು. ಅಲ್ಲಿ ಫ್ಯಾನು ಇರಲಿಲ್ಲ. ಸಂಜೆ ಊರು ಕಣೇಕಲ್ಲಿಗೆ ಮರಳುವ ಬಸ್ಸಿನಲ್ಲಿ ಹಂಪಕ್ಕ ಸೊಸೆಗೆ ಹೇಳಿದಳು: "ಮತ್ತ ನೆಲಕ್ಕ ಹೋಗಂಗಿಲ್ಲ ನಾನು. ಹೆಂಗಾದ್ರೂ ಮಾಡಿ ಕಣ್ಣಿನ ವಿಷಯ ಹೊರಗ ಬರಬಾರದು."

"ಅತ್ತಿ, ಅವನ ಮುಂದ ಕೆಮ್ಮಿದ್ರ ನಾ ಕೈ ಚಾಚಾಕ ಆಗತೈತೇನು?" ಎಂದಳು ದುರ್ಗಾ.

ಒಂದನೇ ತಾರೀಖಿಗೆ ಇನ್ನೂ ಹತ್ತು ದಿನವಿತ್ತು. ಅಷ್ಟರಲ್ಲಿ ವಿಮಾನ ಬಂತು.

ಅದು ಇಳಿದದ್ದನ್ನು ಹತ್ತಿರದಿಂದ ಕಂಡವನು ಬೊಮ್ಮಣ್ಣ ಒಬ್ಬನೇ. ಸೋಮವಾರ ಬೆಳಿಗ್ಗೆ ಅವನು ಕಣೇಕಲ್ಲು ಕೆರೆಯ ಒಣಗಿದ ಅಂಗಳದಲ್ಲಿ ಎರಡು ಎಮ್ಮೆ ಮೇಯಿಸುತ್ತಿದ್ದ. ಹಳದಿ ಬಣ್ಣದ್ದು, ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಮೇಲೆ ಮುಚ್ಚಳವಿಲ್ಲದ ಎರಡು ಸೀಟು. ಟ್ರ್ಯಾಕ್ಟರಿನಂತೆ ಸದ್ದು ಮಾಡುತ್ತಾ ಬಂದದ್ದು ಕೆರೆಯ ಮೇಲೆ ಬಂದ ಕೂಡಲೇ ಬಿಕ್ಕಿತು, ಇನ್ನೊಂದು ಸಲ ಬಿಕ್ಕಿತು, ಆಮೇಲೆ ಸುಮ್ಮನಾಯಿತು. ಏನೂ ಸದ್ದಿಲ್ಲದೆ ಕೆಳಗೆ ಬಂದು, ನೆಲ ಮುಟ್ಟಿ, ಮೂರು ಸಲ ಕುಪ್ಪಳಿಸಿ, ಎಮ್ಮೆಗಳಿಂದ ಇಪ್ಪತ್ತು ಹೆಜ್ಜೆ ಆಚೆ ನಿಂತಿತು. ನಿಲ್ಲುವ ಮೊದಲು ಕೆಳಗಿನ ಎಡರೆಕ್ಕೆಯ ಅಡಿಭಾಗ ಒಂದು ಬಳ್ಳಾರಿ ಜಾಲಿಯ ಮೋಟಿಗೆ ತಗುಲಿ ನಾಲ್ಕು ಮೊಳ ಹರಿಯಿತು.

ಒಳಗಿಂದ ತೊಗಲಿನ ಟೋಪಿ ಹಾಕಿದ ಪೈಲಟ್ ರಂಗನಾಥ್ ಇಳಿದ. ಬೆಂಗಳೂರಿನವನು, ವಿಮಾನವೂ ಅವನದೇ. ಬಳ್ಳಾರಿ ಕಡೆ ಒಂದು ಪ್ರದರ್ಶನಕ್ಕೆ ಹೊರಟಿದ್ದ.

"ಇಲ್ಲಿ... ಇಲ್ಲಿ ಯಾರಿಗಾದರೂ ಏನಾದರೂ ಆಯ್ತಾ?" ಎಂದು ಕೇಳಿದ.

ಬೊಮ್ಮಣ್ಣ ಎಮ್ಮೆಗಳ ಕಡೆ ನೋಡಿದ. ಅವು ಮಲಗಿದಲ್ಲಿಂದ ಎದ್ದೂ ಇರಲಿಲ್ಲ. "ಏನಾಗಿಲ್ರಿ. ದೊಡ್ಡದು ಒಂದ್ಸಲ ಕಿವಿ ಆಡಿಸ್ತು ಅಷ್ಟ."

ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಕೆರೆಯಲ್ಲಿತ್ತು. ರೆಕ್ಕೆಯನ್ನು ಮುಟ್ಟಿ ನೋಡಿದವರಿಗೆ ಆಶ್ಚರ್ಯ: ಅದು ತಗಡಲ್ಲ, ಬಟ್ಟೆ! ಒಳಗೆ ಕಟ್ಟಿಗೆಯ ಗೂಡು, ಮೇಲೆ ಬಟ್ಟೆ ಹೊದಿಸಿ ಬಿಗಿದದ್ದು. ಎಪ್ಪತ್ತು ವರ್ಷದ ಹಿಂದೆ ದೊಡ್ಡ ಯುದ್ಧ ನಡೆದಾಗ ಹೊಸ ಪೈಲಟ್‌ಗಳು ಇಂಥದರಲ್ಲೇ ಹಾರಲು ಕಲಿತು ಯುದ್ಧಕ್ಕೆ ಹೋದರಂತೆ. ಮಂಡಿಯ ಹಮಾಲಿ ಎರ್ರಪ್ಪ ರೆಕ್ಕೆಯನ್ನು ಎರಡು ಬೆರಳಲ್ಲಿ ತಟ್ಟಿ, "ಥೂ, ನಮ್ಮ ಗೋಣಿಚೀಲ ಇದಕ್ಕಿಂತ ಗಟ್ಟಿ ಐತಿ. ಇದರ ಮ್ಯಾಲೆ ಕೂತು ಯುದ್ಧ ಮಾಡಿದ್ರೇನು?" ಎಂದ.

ಮಂಗಳವಾರ ಬೆಂಗಳೂರಿನಿಂದ ಜೀಪಿನಲ್ಲಿ ಮೆಕ್ಯಾನಿಕ್ ನರಸಿಂಹಯ್ಯ ಬಂದರು. ಮಡಕಶಿರ ಪಕ್ಕದ ಅಮರಾಪುರದವರು, ವಾಯುಪಡೆಯಲ್ಲಿ ದುಡಿದು ನಿವೃತ್ತರಾದ ಮೇಲೆ ರಂಗನಾಥನ ವಿಮಾನ ನೋಡಿಕೊಳ್ಳುತ್ತಿದ್ದವರು. ಎಂಜಿನ್ನಿನ ಮುಚ್ಚಳ ತೆಗೆದು, ಕಿವಿಯಿಟ್ಟು ಕೇಳಿ, ಪೆಟ್ರೋಲ್ ಬರುವ ಸಣ್ಣ ಕೊಳವೆ ಬಿಚ್ಚಿ ಊದಿದರು. ಒಳಗಿಂದ ಉಂಡೆಯಾಗಿ ಕಸ ಬಂತು. ಮಧ್ಯಾಹ್ನಕ್ಕೆ ಎಂಜಿನ್ ಮತ್ತೆ ಟ್ರ್ಯಾಕ್ಟರಿನಂತೆ ಸದ್ದು ಮಾಡಿತು.

"ಎಂಜಿನ್ನು ಆಯ್ತು. ರೆಕ್ಕೇದೇ ಈಗ ಕಷ್ಟ," ಎಂದರು ನರಸಿಂಹಯ್ಯ. ಅವರ ಬಲಗೈ ಹೆಬ್ಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿತ್ತು. "ಕೈಯಲ್ಲಿ ಹೊಲೀಬೇಕು. ನನ್ನ ಹೆಬ್ಬೆಟ್ಟು ನೋಡ್ರಪ್ಪ, ಹಿಂಗಾಗೈತೆ. ಬೆಂಗಳೂರಲ್ಲಿ ಹೊಲಿಯೋನು ಮಗಳ ಮದುವೇಲಿ ಅವ್ನೆ, ಶುಕ್ರವಾರದ ತನಕ ಬರಲ್ಲ."

ಆಗ ನೀರಗಂಟಿ ಸಂಜೀವಪ್ಪ ಮುಂದೆ ಬಂದ. ಕೆರೆಗೆ ಬರುವ ಕಾಲುವೆಯ ನೀರು ನೋಡಿಕೊಳ್ಳುವವನು ಅವನೇ. "ಶುಕ್ರವಾರ ಇಲ್ಲಿ ಇಮಾನ ಇರಂಗಿಲ್ರಿ, ದೋಣಿ ಇರತೈತಿ. ಬೇಸ್ತವಾರ ಬೆಳಿಗ್ಗೆ ಕಾಲುವಿ ನೀರು ಬರತೈತಿ. ಎಂಟೂರಿನ ಭತ್ತದ ಮಡಿ ಕಾಯಾಕ ಹತ್ಯಾವು. ನಾ ನಿಲ್ಲಿಸಂದ್ರ ನಿಲ್ಲಂಗಿಲ್ಲ."

ರಂಗನಾಥ್ ಅಲ್ಲೇ ಕೂತುಬಿಟ್ಟ. ಯಾರೋ ಅವನ ಕೈಗೆ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ಕೊಟ್ಟರು. ಅವನು ಮಿರ್ಚಿ ಕಚ್ಚಿದ್ದಕ್ಕೆ ಕಣ್ಣಲ್ಲಿ ನೀರು ಬಂತೋ ವಿಮಾನಕ್ಕಾಗಿ ಬಂತೋ ಯಾರಿಗೂ ಹೇಳಲು ಆಗಲಿಲ್ಲ.

ಸುದ್ದಿ ಕೇಳಿ ಬೈಕಿನಲ್ಲಿ ರಾಯದುರ್ಗದಿಂದ ಬಂದಿದ್ದ ಬಾಲರಾಜು ಎದೆ ಮುಂದೆ ಮಾಡಿದ. "ಹೊಲಿಗಿ ಅಂದ್ರ ರಾಯದುರ್ಗ ಸಾರ್. ನನ್ನ ಕೈಕೆಳಗ ಅರವತ್ತು ಮೆಷಿನ್ ಅದಾವು. ರೆಕ್ಕಿ ಬಿಚ್ಚಿ ಕೊಡ್ರಿ, ಒಂದು ತಾಸಿನ್ಯಾಗ ಹೊಲಿದು, ತೊಳೆದು, ಇಸ್ತ್ರಿ ಮಾಡಿ ಕಳಿಸ್ತೀನಿ."

"ರೆಕ್ಕೆ ಬಿಚ್ಚಕ್ಕಾಗಲ್ಲಪ್ಪ, ಇಲ್ಲೇ ಹೊಲೀಬೇಕು. ಒಂದು ಕೈ ಹೊರಗೆ, ಒಂದು ಕೈ ಹರಿದ ತೂತೊಳಗೆ. ಒಳಗಿನ ಕೈ ಕಣ್ಣಿಗೆ ಕಾಣಲ್ಲ, ಬೆರಳಿಗೇ ಗೊತ್ತಾಗ್ಬೇಕು. ಅಂಥೋರು ಯಾರವ್ರೆ?"

ಬಾಲರಾಜುವಿನ ಯೂನಿಟ್ಟಿನ ಹುಡುಗಿಯರಿಗೆ ಕೈಸೂಜಿ ಹಿಡಿದು ಗೊತ್ತಿರಲಿಲ್ಲ. ಅವನು ತಲೆ ಕೆರೆದುಕೊಂಡು, "ಒಬ್ಬಾಕಿ ಅದಾಳ. ಹಂಪಕ್ಕ. ಇದೇ ಊರು," ಎಂದ.

ಅಂದು ಸಂಜೆ ಬಸ್ಸಿಳಿದ ಹಂಪಕ್ಕನನ್ನು ನೆಟ್ಟಗೆ ಕೆರೆಗೇ ಕರೆದುಕೊಂಡು ಹೋದರು. ಅವಳು ಹರಿದ ಕಡೆಯನ್ನು ಬೆರಳಲ್ಲಿ ಸವರಿ, ಒಳಗೆ ಕೈ ತೂರಿಸಿ ನೋಡಿದಳು. ನಾಲ್ಕು ಮೊಳ ಎರಡು ಬೆರಳು ಎಂದಳು. ಅಳೆದು ನೋಡಿದರೆ ಅಷ್ಟೇ ಇತ್ತು. ನರಸಿಂಹಯ್ಯನವರು ಗೋಡೆ ಸಿಕ್ಕ ಕುರುಡನಂತೆ ಖುಷಿಯಾದರು.

"ಹತ್ತು ಹೊಲಿಗೆಗೊಂದು ಗಂಟು ಹಾಕ್ಬೇಕು ಕಣಮ್ಮ. ಮರೀಬೇಡ. ಮೇಣ ಸವರಿದ ದಾರ ನಾನು ಕೊಡ್ತೀನಿ."

"ಆಗಲಿ ಅಣ್ಣಾರ," ಎಂದಳು ಹಂಪಕ್ಕ. ಕೂಡಲೇ ಹೊಳೆಯಿತು: ಈ ದಾರ ಸೂಜಿಗೆ ಪೋಣಿಸುವವರು ಯಾರು? ಪಕ್ಕದಲ್ಲೇ ಬಾಲರಾಜು ನಿಂತಿದ್ದಾನೆ. ಇಡೀ ಊರು ನಿಂತಿದೆ. ಇಲ್ಲಿ ಕೆಮ್ಮಿದರೆ ಕಷಾಯ ತಂದುಕೊಡುತ್ತಾರೆಯೇ ಹೊರತು ದಾರ ಪೋಣಿಸುವುದಿಲ್ಲ.

"ಒಂದು ಮಾತೈತ್ರಿ," ಎಂದಳು, ಸೆರಗು ಸರಿಮಾಡಿಕೊಂಡು. "ನಮ್ಮನಿ ಪದ್ಧತಿ. ದೊಡ್ಡ ಕೆಲಸಕ್ಕ ಸೂಜಿ ಹಿಡಿದ್ರ ದಾರ ಪೋಣಿಸೋದು ಸೊಸಿ. ಅತ್ತಿ ಪೋಣಿಸಬಾರದು, ಬ್ಯಾರೆಯವರೂ ಮುಟ್ಟಬಾರದು. ಕೆಡಕಾಗತೈತಿ."

ಬೊಮ್ಮಣ್ಣ ಹೆಂಡತಿಯ ಮುಖ ನೋಡಿದ. ಮೂವತ್ತೈದು ವರ್ಷ ಅವಳ ಜೊತೆ ಬಾಳಿದವನಿಗೆ ಆ ಪದ್ಧತಿ ಆವತ್ತೇ ಗೊತ್ತಾಯಿತು. ಆದರೂ ತಲೆ ಆಡಿಸಿದ. ನೆರೆಮನೆಯ ಪುಟ್ಟಕ್ಕ, "ಹೌದೌದು, ನಾನೂ ಕೇಳೀನಿ," ಎಂದುಬಿಟ್ಟಳು. ರಂಗನಾಥ್ ಭಯಭಕ್ತಿಯಿಂದ ಅದನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡ.

ಬುಧವಾರ ಬೆಳಿಗ್ಗೆ ದುರ್ಗಾ ಎಂಟರ ಬಸ್ಸಿಗೆ ಮೊದಲು ಕೆರೆಗೆ ಬಂದು, ಎಲ್ಲರ ಮುಂದೆ ಪೂರ್ವಕ್ಕೆ ಮುಖ ಮಾಡಿ, ಆರು ಸೂಜಿಗೆ ದಾರ ಪೋಣಿಸಿದಳು. ನಗು ಬರದಂತೆ ಕೆಳತುಟಿ ಕಚ್ಚಿಕೊಂಡಿದ್ದಳು. ಪುಟ್ಟಕ್ಕ ಒಂದೊಂದು ಸೂಜಿಗೂ ಅರಿಶಿನ ಮುಟ್ಟಿಸಿದಳು. ಸೊಸೆ ಬಸ್ಸಿಗೆ ಹೋದಳು, ಅತ್ತೆ ಆರು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಕೆಲಸಕ್ಕೆ ಕೂತಳು.

ಕೂತದ್ದು ಒಂದು ಎಣ್ಣೆ ಡಬ್ಬಿಯ ಮೇಲೆ. ಎಡಗೈ ರೆಕ್ಕೆಯೊಳಗೆ, ಬಲಗೈ ಹೊರಗೆ. ಕಣ್ಣು ಎಲ್ಲೋ ದೂರದ ಕೆರೆ ಏರಿಯ ಕಡೆ. ನೋಡಿದವರು ಬಾಯಿ ತೆರೆದರು. "ನೋಡದನ ಹೊಲಿತಾಳಲ್ಲ!" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನೋಡಿದರೂ ಕಾಣದು ಎಂಬುದು ಅವಳಿಗೊಬ್ಬಳಿಗೇ ಗೊತ್ತು. ಹತ್ತು ಹೊಲಿಗೆ, ಒಂದು ಗಂಟು. ಮತ್ತೆ ಹತ್ತು, ಮತ್ತೊಂದು ಗಂಟು. ಸೂಜಿ ಬದಲಾಯಿತು, ಬದಲಾಯಿತು. ಹನ್ನೆರಡೂವರೆಗೆ ಆರನೇ ಸೂಜಿ ಖಾಲಿಯಾಯಿತು, ಹರಿದದ್ದೂ ಮುಚ್ಚಿತು.

ನರಸಿಂಹಯ್ಯನವರು ಬಂದು ಹೊಲಿಗೆಯ ಮೇಲೆ ಅಂಗೈ ಆಡಿಸಿದರು. ಬಗ್ಗಿ ನೋಡಲಿಲ್ಲ. ಗಂಟುಗಳನ್ನು ಎಣಿಸಿದರು. "ಲೆಕ್ಕ ಸರಿ ಐತೆ. ನಲವತ್ತೆರಡು ಗಂಟು. ಭೇಷ್ ಕಣಮ್ಮ!" ಎಂದರು. ಈಗ ಹೊಲಿಗೆಯ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿ, ಡೋಪು ಎಂಬ ಮದ್ದನ್ನು ಮೂರು ಸಲ ಬಳಿಯಬೇಕು. ಅದು ಒಣಗುತ್ತಾ ಬಟ್ಟೆಯನ್ನು ತಮಟೆಯ ಚರ್ಮದಂತೆ ಬಿಗಿ ಮಾಡುತ್ತದೆ. ಊಟ ಮಾಡಿ, ಅವರು ಜೀಪಿನ ಹತ್ತಿರ ಡೋಪು ಕಲಕತೊಡಗಿದರು. ಹುಡುಗಿಯರ ಉಗುರುಬಣ್ಣದ ವಾಸನೆ ಕೆರೆಯ ತುಂಬಾ ಹರಡಿತು. ಬಾಲರಾಜು ಬಿಳಿ ಅಂಗಿ ಹಾಕಿಕೊಂಡು ಪೇಪರಿನವರು ಯಾವಾಗ ಫೋಟೋ ತೆಗೆಯುತ್ತಾರೋ ಎಂದು ವಿಮಾನದ ಮೂತಿಯ ಹತ್ತಿರ ನಿಂತಿದ್ದ.

ಆಗ ಎರ್ರಪ್ಪ ಬಂದ. ಬೆಳಿಗ್ಗೆಯಿಂದ ಮಂಡಿಯಲ್ಲಿ ಎರಡು ಲಾರಿ ಚೀಲ ಇಳಿಸಿ, ಬಿಚ್ಚಿ, ಸುರಿದು ಬಂದಿದ್ದ. ರೆಕ್ಕೆಯ ಹತ್ತಿರ ನಿಂತ. ಹೊಲಿಗೆಯ ಉದ್ದಕ್ಕೂ ಆರು ಕಡೆ ಎರಡೆರಡು ಬೆರಳಿನ ದಾರ ಹೊರಗೆ ನಿಂತಿತ್ತು. ಮೂವತ್ತು ವರ್ಷದ ಅಭ್ಯಾಸ. ಅವನು ಯೋಚನೆ ಮಾಡಲಿಲ್ಲ. ಮೊದಲನೆಯದನ್ನು ಹಿಡಿದು ಎಳೆದ: ಸರ್ರ್. ಎರಡನೆಯದು: ಸರ್ರ್. ಅದೇ ಕೈಯಲ್ಲಿ ಮೂರು, ನಾಲ್ಕು, ಐದು, ಆರು.

ರೆಕ್ಕೆ ಶೇಂಗಾ ಚೀಲದಂತೆ ಬಾಯಿ ತೆರೆಯಿತು.

ಎರ್ರಪ್ಪ ಒಳಗೆ ಇಣುಕಿ ನೋಡಿದ. ಶೇಂಗಾ ಇರಲಿಲ್ಲ. ಆಗ ಅವನಿಗೆ ತಾನು ಎಲ್ಲಿದ್ದೇನೆ ಎಂಬುದು ಗೊತ್ತಾಯಿತು.

"ಅಯ್ಯಯ್ಯೋ! ಅಕ್ಕಾ, ಬಾಲ ಇತ್ತು ಅಂತ ಎಳದೆ!"

ನರಸಿಂಹಯ್ಯನವರು ಡೋಪಿನ ಕುಂಚ ಹಿಡಿದುಕೊಂಡೇ ಓಡಿ ಬಂದರು. "ಲೇ, ಯಾವನಯ್ಯ ನೀನು? ಬೆಳಿಗ್ಗೆಯಿಂದ ಹೊಲ್ದಿದ್ದನ್ನ ಒಂದು ಗಳಿಗೇಲಿ ಬಿಚ್ಚಾಕ್ದಲ್ಲೋ! ನಿಂಗೇನು ಬಂದಿತ್ತು?"

ಹಂಪಕ್ಕ ಬಿಚ್ಚಿದ ದಾರವನ್ನು ಕೈಗೆ ತೆಗೆದುಕೊಂಡು ಬೆರಳಲ್ಲಿ ಆಡಿಸಿದಳು. ಒಂದೂ ಗಂಟು ಉಳಿದಿರಲಿಲ್ಲ. "ಅವನ್ನ ಬೈಬ್ಯಾಡ್ರಿ ಅಣ್ಣಾರ. ತಪ್ಪು ನಂದು. ಗಂಟು ಹಾಕು ಅಂದ್ರಿ, ಹಾಕಿದೆ. ನನ್ನ ಕೈಗೆ ಗೊತ್ತಿರೋದು ಚೀಲದ ಗಂಟು. ನಲವತ್ತೆರಡೂ ಜಾರುಗಂಟು."

ನರಸಿಂಹಯ್ಯನವರ ಕೈಯ ಕುಂಚ ಕೆಳಗಿಳಿಯಿತು. ಅವರು ಮೇಲೆ ಆಕಾಶ ನೋಡಿದರು, ರಂಗನಾಥನನ್ನು ನೋಡಿದರು, ಆಮೇಲೆ ಎರ್ರಪ್ಪನ ಮುಂದೆ ಕೈ ಮುಗಿದರು. "ನೀನು ಎಳೀದೆ ಇದ್ದಿದ್ರೆ ಮೇಲೆ ಹೋದ್ಮೇಲೆ ಗಾಳಿ ಎಳೀತಿತ್ತು ಕಣಪ್ಪ."

ರಂಗನಾಥ್ ಮತ್ತೆ ಕೂತುಬಿಟ್ಟ. ಈ ಸಲ ಮಿರ್ಚಿ ಕೊಡುವುದಕ್ಕೂ ಯಾರಿಗೂ ತೋಚಲಿಲ್ಲ.

ಹೊತ್ತು ಒಂದೂವರೆ. ಡೋಪು ಮೂರು ಸಲ ಬಳಿದು ಒಣಗಿಸಲು ಮೂರು ತಾಸು ಬಿಸಿಲು ಬೇಕು. ನಾಲ್ಕಕ್ಕೆ ಹೊಲಿಗೆ ಮುಗಿಯಲೇಬೇಕು. "ಕೂತ್ಕ ತಾಯಿ, ಶುರು ಮಾಡು. ಈ ಸಲ ಗಟ್ಟಿ ಗಂಟು," ಎಂದರು ನರಸಿಂಹಯ್ಯ.

ಹಂಪಕ್ಕ ಕೂತಳು. ಸೆರಗಿನಲ್ಲಿ ಆರು ಸೂಜಿ ಇದ್ದವು. ಆರೂ ಖಾಲಿ.

ಬೇಗ ಬೇಗ ಆಗಲೆಂದು ಪೇಪರಿನವನು ಸೂಜಿಗೆ ಕೈ ಹಾಕಿದ. ಪುಟ್ಟಕ್ಕ ಅವನ ಕೈಗೆ ಫಟ್ಟನೆ ಹೊಡೆದಳು. "ಮುಟ್ಟಬ್ಯಾಡ! ಸೊಸೀನ ಪೋಣಿಸಬೇಕು. ಕೆಡಕಾಗತೈತಿ ಅಂತ ಹೇಳಿಲ್ಲೇನು? ಮುಂಜಾನಿ ಪದ್ಧತಿ ಮಾಡಿದ್ದಕ್ಕ ನೆಲದ ಮ್ಯಾಲೆ ಇದ್ದಾಗನ ಬಿಚ್ಚಿತು. ಇಲ್ಲಾಂದ್ರ ಏನಾಗ್ತಿತ್ತೋ!" ಸುತ್ತ ನಿಂತ ಹೆಂಗಸರೆಲ್ಲ ಹೌದೆಂದರು.

"ದುರ್ಗಾನ್ನ ನಾ ಬೈಕಿನ್ಯಾಗ ಕರ್ಕೊಂಡು ಬರ್ತೀನಿ," ಎಂದ ಬಾಲರಾಜು.

"ಹೋಗಿ ಬರೋಕೆ ಎಷ್ಟೊತ್ತಾಯ್ತದೆ?"

"ಎರಡು ತಾಸು ಹಿಡೀರಿ."

"ಹಂಗಾದ್ರೆ ಡೋಪು ಒಣಗಲ್ಲ. ನಾಳೆ ನೀರು. ಮುಗೀತು ಬಿಡು," ಎಂದು ನರಸಿಂಹಯ್ಯ ಕುಂಚವನ್ನು ಡಬ್ಬಿಯಲ್ಲಿಟ್ಟರು.

ಹಂಪಕ್ಕ ತಾನು ಕಟ್ಟಿದ ಪದ್ಧತಿ ತನ್ನನ್ನೇ ಕಟ್ಟಿಹಾಕಿದ್ದನ್ನು ನೋಡುತ್ತಾ ಕೂತಳು. ಬಾಯಿ ಮುಚ್ಚಿಕೊಂಡಿದ್ದರೆ ಕುರ್ಚಿ ಉಳಿಯುತ್ತದೆ, ವಿಮಾನ ಮುಳುಗುತ್ತದೆ. ತಪ್ಪು ತನ್ನದು. ಕೆರೆಯ ಆಚೆ ತುದಿಯಲ್ಲಿ ತೂಬಿನ ಮೇಲೆ ಕೂತ ಕೊಕ್ಕರೆಯ ಕಾಲು ಕೂಡ ಅವಳಿಗೆ ಕಾಣುತ್ತಿತ್ತು. ಬೆರಳ ತುದಿಯ ಸೂಜಿ ಮಾತ್ರ ಮಂಜು.

"ಪದ್ಧತಿ ಗಿದ್ಧತಿ ಏನೂ ಇಲ್ರಿ," ಎಂದಳು ಜೋರಾಗಿ. "ನಾ ಕಟ್ಟಿದ ಸುಳ್ಳು. ನನಗ ಸೂಜಿ ಕಣ್ಣು ಕಾಣಂಗಿಲ್ಲ. ಎರಡು ವರ್ಷದಿಂದ ಸೊಸಿನ ಪೋಣಿಸ್ತಾಳ. ನನಗ ಕೆಮ್ಮೂ ಇಲ್ಲ. ಯಾರಾದ್ರೂ ಪೋಣಿಸಿ ಕೊಡ್ರಿ."

ಪುಟ್ಟಕ್ಕ ಕೆನ್ನೆಗೆ ಕೈ ಹಚ್ಚಿಕೊಂಡಳು. ಬೊಮ್ಮಣ್ಣ ಮಾತ್ರ ನಿರಾಳವಾಗಿ, "ಅದಕ್ಕ ನನಗ ನೆನಪಿರಲಿಲ್ಲ," ಎಂದ.

ಬಾಲರಾಜು ಮುಖ ಬಿಗಿದುಕೊಂಡು ಬಂದ. "ಎರಡು ವರ್ಷ ನನ್ನ ಕಣ್ಣಿಗೇ ಮಣ್ಣೆರಚಿದೆಲ್ಲ ಹಂಪಕ್ಕ! ಒಂದನೇ ತಾರೀಖು ಮಾತಾಡೋಣ. ಕೊಡು ಇಲ್ಲಿ, ಇದೇನು ದೊಡ್ಡ ವಿದ್ಯೆ?" ಎಂದು ಸೂಜಿ ಕಿತ್ತುಕೊಂಡ.

ದಾರದ ತುದಿ ಎಂಜಲು ಮಾಡಿ ಹೊಸೆದ. ಸೂಜಿಯನ್ನು ಹತ್ತಿರ ಹಿಡಿದ. ಸ್ವಲ್ಪ ದೂರ ಹಿಡಿದ. ಇನ್ನೂ ದೂರ, ತೋಳು ಪೂರಾ ಚಾಚಿದ. ತಲೆ ಹಿಂದಕ್ಕೆ ಎಳೆದುಕೊಂಡ. ದಾರ ಸೂಜಿಯ ಬಲಕ್ಕೆ ಹೋಯಿತು, ಎಡಕ್ಕೆ ಹೋಯಿತು, ಒಂದು ಸಲ ಅವನ ಬೆರಳಿಗೇ ಹೋಯಿತು. ಕೈ ಇನ್ನೊಂದು ಮೊಳ ಉದ್ದವಿದ್ದಿದ್ದರೆ ಪೋಣಿಸಿಯೇ ಬಿಡುತ್ತಿದ್ದ.

"ಈ ಸೂಜಿಗೆ ತೂತೇ ಇಲ್ಲ. ಡಿಫೆಕ್ಟ್ ಪೀಸು," ಎಂದ.

ಇನ್ನೊಂದು ಕೊಟ್ಟರು. ಅದೂ ಡಿಫೆಕ್ಟ್ ಪೀಸು. ಬಿಳಿ ಅಂಗಿಯ ಬೆನ್ನು ಒದ್ದೆಯಾಯಿತು. ಯಾರೋ ಹಿಂದಿನಿಂದ, "ಅರವತ್ತು ಮೆಷಿನ್ ಅದಾವಂತ್ರಿ ಇವರ ಕೈಕೆಳಗ," ಎಂದರು.

"ನೀವು ನೋಡ್ರಿ ಅಯ್ಯಾರ," ಎಂದು ಅವನು ಸೂಜಿಯನ್ನು ನರಸಿಂಹಯ್ಯನವರ ಕಡೆ ಚಾಚಿದ.

ನರಸಿಂಹಯ್ಯ ಸೂಜಿ ತೆಗೆದುಕೊಳ್ಳಲಿಲ್ಲ. ಹೆಬ್ಬೆರಳಿನ ಬಟ್ಟೆ ಸುತ್ತು ಸುತ್ತಾಗಿ ಬಿಚ್ಚಿದರು. ಒಳಗೆ ಬೆರಳು ಬಾಳೆಹಣ್ಣಿನಂತೆ ಚೆನ್ನಾಗಿತ್ತು. "ಹೆಬ್ಬೆಟ್ಟಿಗೆ ಏನೂ ಆಗಿಲ್ಲ. ನಂಗೂ ಕಾಣಲ್ಲ ಕಣಮ್ಮ. ಕಂಡಿದ್ರೆ ಬೆಳಿಗ್ಗೇನೆ ಜಾರುಗಂಟು ಅಂತ ಗೊತ್ತಾಯ್ತಿರಲಿಲ್ವೆ? ಕನ್ನಡಕ ಹಾಕ್ಕಂಡ್ರೆ ವಯಸ್ಸಾಯ್ತು ಅಂತ ನಮ್ಮ ಸಾಹೇಬ್ರು ಮನೆಗೆ ಕಳಿಸ್ತಾರೆ ಅಂತ ಸುಮ್ಕಿದ್ದೆ."

ರಂಗನಾಥ್ ಮೆಲ್ಲನೆ ಎದ್ದು ನಿಂತ. "ಹಾಗಾದರೆ ನನ್ನ ಎಂಜಿನ್ ಯಾರು ನೋಡಿದ್ದು?"

"ಎಂಜಿನ್ನ ಕಿವೀಲಿ ನೋಡೋದು ಸಾರ್. ನನ್ನ ಕಿವಿ ಚೆನ್ನಾಗೈತೆ."

ಅಷ್ಟರಲ್ಲಿ ಎರ್ರಪ್ಪ ಹಿಂಜರಿಯುತ್ತಾ ಮುಂದೆ ಬಂದ. ಇಡೀ ಗಲಾಟೆಗೆ ತಾನೇ ಕಾರಣ ಎಂಬಂತೆ ತಲೆ ಕೆಳಗೆ ಹಾಕಿದ್ದ. ನೂರು ಕೆಜಿ ಚೀಲಕ್ಕೆ ಕೊಕ್ಕೆ ಹಾಕಿ ಹಾಕಿ ಒರಟಾದ, ಬೆಂಡೆಕಾಯಿಯಷ್ಟು ದಪ್ಪದ ಬೆರಳುಗಳು. ಬಾಲರಾಜುವಿನ ಕೈಯಿಂದ ಸೂಜಿ ತೆಗೆದುಕೊಂಡು, ಕಣ್ಣು ಕೂಡ ಕಿರಿದು ಮಾಡದೆ, ದಾರ ತೂರಿಸಿಬಿಟ್ಟ. ಹಾಗೆಯೇ ಎರಡನೆಯದು. ಹಾಗೆಯೇ ಆರೂ.

"ಡಿಫೆಕ್ಟ್ ಪೀಸು ಯಾವುದ್ರಿ ಇದರಾಗ?" ಎಂದು ನಿಜವಾಗಿಯೇ ಕೇಳಿದ.

"ಐವತ್ತಾತಲ್ಲೋ ನಿನಗ, ಹೆಂಗ ಕಾಣತೈತಿ?" ಎಂದಳು ಹಂಪಕ್ಕ.

"ಒಂದಕ್ಷರ ಓದಿಲ್ಲಕ್ಕ ನಾನು. ಕಣ್ಣು ಖರ್ಚೇ ಆಗಿಲ್ಲ."

ಹಂಪಕ್ಕ ಹೊಲಿದಳು. ಬೆಳಗಿನ ಸೂಜಿತೂತುಗಳು ಬೆರಳಿಗೆ ಸಿಗುತ್ತಿದ್ದರಿಂದ ಕೈ ಬೇಗ ಓಡಿತು. ಎರ್ರಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಸೂಜಿ ಮುಗಿದಂತೆ ಪೋಣಿಸಿ ಕೊಟ್ಟ. ಈ ಸಲ ಪ್ರತಿ ಗಂಟನ್ನೂ ಅವಳು ಸುತ್ತಿ, ಮತ್ತೆ ಸುತ್ತಿ, ಹಲ್ಲು ಕಚ್ಚಿ ಬಿಗಿದಳು. ಬಾಲ ಬಿಡದೆ ಬುಡಕ್ಕೇ ಕತ್ತರಿಸಿದಳು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮುಗಿಯಿತು. ನರಸಿಂಹಯ್ಯನವರು ಅಂಗೈ ಆಡಿಸಲಿಲ್ಲ. ಎರ್ರಪ್ಪನನ್ನು ಕರೆದರು. "ಎಳಿಯಪ್ಪ. ನಿನ್ನ ಕೈಲಾದಷ್ಟು ಎಳಿ. ನಿನಗೆ ಬಿಚ್ಚಕ್ಕಾಗದ್ದು ಗಾಳಿಗೂ ಆಗಲ್ಲ."

ಎರ್ರಪ್ಪ ಅಂಗೈಗೆ ಉಗುಳಿಕೊಂಡು, ನಲವತ್ತೆರಡು ಗಂಟನ್ನೂ ಉಗುರಲ್ಲಿ ಹಿಡಿದು ಒಂದೊಂದಾಗಿ ಜಗ್ಗಿದ. ವಿಮಾನ ಅಲ್ಲಾಡಿತು, ಗಂಟು ಅಲ್ಲಾಡಲಿಲ್ಲ. "ಇಲ್ರಿ, ಸಾಹುಕಾರ ಬೈತಾನ ಇದಕ್ಕ," ಎಂದ. ಎಲ್ಲರೂ ನಕ್ಕರು. ಸೂರ್ಯ ಮುಳುಗುವ ಹೊತ್ತಿಗೆ ಡೋಪಿನ ಮೂರನೇ ಬಳಿತ ಒಣಗಿ, ರೆಕ್ಕೆ ತಟ್ಟಿದರೆ ಢಂ ಎನ್ನುತ್ತಿತ್ತು.

ಗುರುವಾರ ಬೆಳಕು ಹರಿಯುತ್ತಿದ್ದಂತೆ ವಿಮಾನ ಕೆರೆಯ ಅಂಗಳದಲ್ಲಿ ಓಡಿತು. ಎಮ್ಮೆಗಳು ಈ ಸಲವೂ ಏಳಲಿಲ್ಲ. ಏರಿಯ ಹತ್ತಿರ ಅದು ಮೇಲೆದ್ದು, ಊರ ಮೇಲೆ ಒಂದು ಸುತ್ತು ಹಾಕಿ, ರೆಕ್ಕೆ ವಾಲಿಸಿ ನಮಸ್ಕಾರ ಮಾಡಿ ಉತ್ತರಕ್ಕೆ ತಿರುಗಿತು. ಹಳದಿ ರೆಕ್ಕೆಯ ಅಡಿ, ನಾಲ್ಕು ಮೊಳ ಎರಡು ಬೆರಳು ಉದ್ದದ ಪಟ್ಟಿ ನೆಟ್ಟಗೆ, ಎಲ್ಲೂ ಸೊಟ್ಟವಿಲ್ಲದೆ ಹೋಗಿತ್ತು. ಹಂಪಕ್ಕ ತಲೆ ಎತ್ತಿ ನೋಡುತ್ತಲೇ ಇದ್ದಳು. ಕೈಯಲ್ಲಿದ್ದಾಗ ಕಾಣದೇ ಇದ್ದ ಹೊಲಿಗೆ, ಅಷ್ಟು ಮೇಲೆ ಹೋದ ಮೇಲೆ ಅವಳಿಗೆ ಚೆನ್ನಾಗಿ ಕಂಡಿತು. ವಿಮಾನ ಚುಕ್ಕಿಯಾಗುವ ಮೊದಲೇ ಕಾಲುವೆಯ ನೀರು ನೊರೆ ತಳ್ಳಿಕೊಂಡು ಒಣನೆಲದ ಮೇಲೆ ಬಂತು.

ಆದರೆ ಒಂದನೇ ತಾರೀಖು ಬರದೆ ಇರುತ್ತದೆಯೇ? ಬಂತು.

ಅಂದು ಹಂಪಕ್ಕ ಯೂನಿಟ್ಟಿಗೆ ಬಂದವಳು ತನ್ನ ಮೆಷಿನ್ನಿಗೆ ಹೋಗಲಿಲ್ಲ. ನಾಲ್ಕು ಮಡಿಕೆಯ ಬಟ್ಟೆತುಂಡು ಸೊಂಟದಲ್ಲೇ ಇತ್ತು. ಒಪ್ಪಿಕೊಂಡ ಮೇಲೆ ಒಪ್ಪಿಕೊಂಡ ಹಾಗೆ, ನೆಟ್ಟಗೆ ಬಚ್ಚಲ ಗೋಡೆಯ ಪಕ್ಕ ಹೋಗಿ ಚಾಪೆಯ ಮೇಲೆ ಕೂತು, ಕತ್ತರಿ ಕೈಗೆ ತೆಗೆದುಕೊಂಡಳು.

ಬಾಲರಾಜು ಬಂದ. ಮೇಜಿನ ಮೇಲೆ ಒಂದು ಸೂಜಿ, ಒಂದು ಉಂಡೆ ದಾರ ಇಟ್ಟ. ಕೂರಲು ಹತ್ತಿರದಲ್ಲಿ ಸಿಕ್ಕ ಕುರ್ಚಿ ಹಂಪಕ್ಕನದು. ಅದನ್ನೇ ಎಳೆದುಕೊಂಡು ಕೂತ. ಕೂತ ಕೂಡಲೇ ಮಗ್ಗುಲಿಗೆ ವಾಲಿ, ಮೇಜು ಹಿಡಿದುಕೊಂಡ. ಐವತ್ತೊಂಬತ್ತು ಹೆಂಗಸರು ಸಾಲಾಗಿ ನಿಂತು ನೆಲ ನೋಡುತ್ತಿದ್ದರು. ನಗುವವರು ಹಾಗೆಯೇ ನೋಡುವುದು.

"ಹೂಂ, ಮೊದಲು ಯಾರು?"

ದುರ್ಗಾ ಮುಂದೆ ಬಂದಳು. ಕೈ ಕಟ್ಟಿಕೊಂಡು ವಿನಯವಾಗಿ ಕೇಳಿದಳು: "ಸಾರ್, ನಿಮ್ಮ ಮುಂದ ತಪ್ಪಾಗಬಾರದು. ಹೆಂಗ ಪೋಣಿಸಬೇಕು ಅಂತ ಒಂದ್ಸಲ ನೀವ ತೋರಸ್ರಿ."

ಬಾಲರಾಜು ಸೂಜಿ ನೋಡಿದ, ದಾರ ನೋಡಿದ, ತನ್ನ ಕೈಯ ಉದ್ದ ನೋಡಿದ. ಮತ್ತೊಂದು ಸಲ ವಾಲಿದ.

"ಇವತ್ತು ಮೋಡ ಐತಿ, ಬೆಳಕು ಸಾಲದು. ಪರೀಕ್ಷೆ ಮುಂದಕ್ಕ ಹಾಕೀನಿ," ಎಂದ. ಹೊರಗೆ ಬಿಸಿಲು ಹೊಡೆಯುತ್ತಿತ್ತು. ಅವನು ಎದ್ದು ಬಚ್ಚಲ ಗೋಡೆಯ ಕಡೆ ತಿರುಗಿ ಕೂಗಿದ: "ಹಂಪಕ್ಕ, ಅಲ್ಲ್ಯಾಕ ಕೂತಿ? ಬಾ ಇಲ್ಲಿ. ನಿನ್ನ ಕುರ್ಚಿ ಮ್ಯಾಲೆ ಮನುಷ್ಯರು ಕೂರಾಕ ಆಗಂಗಿಲ್ಲ. ನೀನ ಕೂತ್ಕೋ."

ಹಂಪಕ್ಕ ಬಂದು, ಸೊಂಟದ ತುಂಡು ತೆಗೆದು ಗಿಡ್ಡ ಕಾಲಿನ ಅಡಿಗೆ ಇಟ್ಟು, ಕೂತಳು.

ಮುಂದಿನ ವಾರ ಕನ್ನಡಕದವನೊಬ್ಬ ಯೂನಿಟ್ಟಿನ ಬಾಗಿಲಲ್ಲಿ ಪೆಟ್ಟಿಗೆ ತೆರೆದು ಕೂತ. ಕರೆಸಿದ್ದು ಬಾಲರಾಜು. "ಹೆಂಗಸರಿಗೆ ಹೆದರಿಕೆ ಇರತೈತಿ, ಅದಕ್ಕ ಮೊದಲು ನಾನ ಹಾಕಿ ತೋರಸ್ತೀನಿ," ಎಂದು ಎಲ್ಲರಿಗಿಂತ ಮುಂದೆ ಕೂತ. ಎರಡನೆಯವಳು ಹಂಪಕ್ಕ. ಇಬ್ಬರದೂ ಒಂದೇ ನಂಬರು. ಕನ್ನಡಕ ಹಾಕಿಕೊಂಡು ಅವಳು ತಾನೇ ಸೂಜಿಗೆ ದಾರ ಪೋಣಿಸಿದಳು. ಆಮೇಲೆ ಎರಡು ವರ್ಷದಲ್ಲಿ ಮೊದಲ ಸಲ ಸೊಸೆಯ ಮುಖವನ್ನು ಹತ್ತಿರದಿಂದ ನೋಡಿ, "ದುರ್ಗಿ, ಯಾವಾಗ ಮೂಗಿನ ಮ್ಯಾಲೆ ಈ ಮಚ್ಚಿ ಬಂತು?" ಎಂದಳು.

"ಹುಟ್ಟಿದಾಗಿಂದ ಐತಿ ಅತ್ತಿ."

"ಮದುವಿ ಮಾತಾಡಾಕ ಬಂದಾಗ ದೂರ ಕೂತಿದ್ದೆ. ಆಗ ನೋಡೀನಿ, ಹೌದು," ಎಂದು ಹಂಪಕ್ಕ ಜೇಬು ಹೊಲಿಯಲು ತಿರುಗಿದಳು.

ಗಟ್ಟಿ ಗಂಟು ಮಾತ್ರ ಅವಳ ಕೈ ಬಿಡಲಿಲ್ಲ. ಆ ವರ್ಷ ಹೊಲದ ಶೇಂಗಾ ಬಂದಾಗ ಒಂಬತ್ತು ಚೀಲದ ಬಾಯಿಯನ್ನೂ ತಾನೇ ಹೊಲಿದು ಮಂಡಿಗೆ ಕಳಿಸಿದಳು. ಎರ್ರಪ್ಪ ಬಾಲ ಹುಡುಕಿದ, ಇರಲಿಲ್ಲ. ಉಗುರು ಹಾಕಿದ, ಬರಲಿಲ್ಲ. ಸಾಹುಕಾರ ನಿಂತಲ್ಲೇ ಕೂಗಾಡಿದ. ಕೊನೆಗೆ ಕುಡುಗೋಲು ತಂದು ಚೀಲ ಕೊಯ್ಯುತ್ತಾ ಎರ್ರಪ್ಪ ಹೇಳಿದ:

"ಬೈಬ್ಯಾಡ್ರಿ ಸಾಹುಕಾರ. ಹಂಪಕ್ಕ ಹೊಲಿದ ಚೀಲ ಇವು, ಹಾರಾಕ ತಯಾರಿದ್ವು."